ಟ್ಯಾಂಕಿನ ನೀರು ಬದಲಿಸೂ ದಿವಸ

ಹಂಗ ನೋಡಬ್ಯಾಡ್ರಿ. ಪೈಪ್ ಹೆಂಗ ಹಿಡೀಬೇಕು ಅನ್ನೂದು ನನಗೂ ಗೊತ್ತದ. ಬೆನ್ನಿಗೆ ದಿಂಬು ಕೊಟ್ಟು ಕೂಡಿಸೀನಿ, ಸುಮ್ನ ಕೂತು ನೋಡ್ರಿ. ಫೋರ್ಟಿನ ಬ್ಯಾಂಕಿನಾಗ ಮ್ಯಾನೇಜರ್ ಆಗಿದ್ದ ಬಸವಂತರಾಯರ ಮೀನಿನ ಟ್ಯಾಂಕ್... ಹೆಂಡತಿ ಶಿವಕುಮಾರಿ, ಅಂದರ ನಾನು, ಹೊರಗಿನ ಗಾಜು ಅಷ್ಟ ಒರಸಬೇಕು, ಒಳಗ ಬೆರಳು ಅದ್ದಬಾರದು. ಈಗ ನೋಡ್ರಿ, ಮೊಣಕೈ ತನಕ ಇಳಿಸೀನಿ.

ಏನು, ಹುಬ್ಬು ಯಾಕ ಏರಿಸ್ತೀರಿ? ಈ ಕಡೆ ತಳದ ಹರಳು ಹಂಗೇ ಬಿಟ್ಟೆ ಅಂತನ? ಬೇಕಂತನ ಬಿಟ್ಟೀನಿ. ಎಲ್ಲಾ ಹರಳು ಒಮ್ಮೆಲೆ ತೊಳೀಬಾರದು. ಈ ವಾರ ಈ ಅರ್ಧ, ಮುಂದಿನ ವಾರ ಆ ಅರ್ಧ. ಪೈಪ್ ಹರಳಿನಾಗ ಚುಚ್ಚಬೇಕು, ತಳದಾಗ ಕೂತ ಹೊಲಸು, ತಿನ್ನದ ಉಳಿದ ಕಾಳು, ಅಷ್ಟ ಎಳಕೋಬೇಕು. ಹರಳಿಗೆ ಅಂಟಿಕೊಂಡ ಕಣ್ಣಿಗೆ ಕಾಣದ ಜೀವ ಇರ್ತಾವಂತ, ನೀರಿನ ವಿಷ ತಿನ್ನೂವು ಅವ. ಅವನ್ನ ತೊಳದು ಚೆಲ್ಲಿದರ ಮೀನು ಉಳಿಯಂಗಿಲ್ಲ.

ನೀವು ನನಗ ಕಲಿಸಲಿಲ್ಲ ಬಿಡ್ರಿ. ನೀವು ಕಲಿಸ್ತಿದ್ದದ್ದು ಮಾಟುಂಗದ ಕನ್ನಡ ಸಂಘದಿಂದ ಬಂದವರಿಗೆ. ಅವರ ಚಾ ಆರಿ ತಣ್ಣಗಾದರೂ ನಿಮ್ಮ ಭಾಷಣ ಮುಗೀತಿರಲಿಲ್ಲ. ನಾ ಚಾದ ತಟ್ಟಿ ಇಟ್ಟು ಬಂದು, ಬಾಗಿಲ ಹಿಂದ ನಿಂತು ಕೇಳಿ ಕಲತೀನಿ. ಟ್ಯಾಂಕ್ ಹೊಸದಾಗಿ ತಂದಾಗ ಏನು ಮಾಡಿದ್ರಿ ಅನ್ನೂದು ಅವರಿಗೆ ಮಾತ್ರ ಹೇಳಲೇ ಇಲ್ಲ. ಹರಳೆಲ್ಲಾ ಬಾತ್‌ರೂಮಿಗೆ ಒಯ್ದು, ಸಬಕಾರ ಪುಡಿ ಹಾಕಿ ತಿಕ್ಕಿದ್ರಿ. ಸಂಜಿಕ ಮೀನೆಲ್ಲಾ ಹೊಟ್ಟಿ ಮ್ಯಾಲ ಮಾಡಿದ್ವು. ಅಂಗಡಿಯವ ರೋಗದ ಮೀನು ಕೊಟ್ಟಾನ ಅಂದ್ರಿ. ಸಾಂತಾಕ್ರೂಜಿನಿಂದ ಕುರ್ಲಾ ತನಕ ಹೋಗಿ ಅವನ ಜೋಡಿ ಜಗಳಾಡಿ ಬಂದ್ರಿ.

ಈಗ ಯಾಕ ಮಾರಿ ತಿರಗಸ್ತೀರಿ? ಲಕ್ವಾ ಹೊಡದದ್ದು ಬಲಗಡೆ, ನಾಚಿಕಿ ಎರಡೂ ಕಡೆ ಬರ್ತದೇನು?

ಹ್ಞಾಂ, ಹೊಲಸು ನೀರು ಹೋತು. ಈಗ ಹೊಸಾ ನೀರು. ನಳದಿಂದ ನೇರ ತಂದದ್ದಲ್ಲರಿ, ಅಂಜಬ್ಯಾಡ್ರಿ. ನಿನ್ನೆ ಬಕೀಟಿನಾಗ ಹಿಡದು ಇಟ್ಟೀನಿ, ಕ್ಲೋರಿನ್ನಿಗೆ ಔಷಧದ ಹನಿನೂ ಹಾಕೀನಿ. ಹರಳು ಕದಡಬಾರದಂತ ಒಳಗ ತಟ್ಟಿ ಇಟ್ಟು ಅದರ ಮ್ಯಾಲ ಸುರುವಾಕತ್ತೀನಿ. ಎಲ್ಲಿ ತನಕ ಸುರುವಲಿ, ಹೇಳ್ರಿ.

ಕೈ ಸನ್ನಿ ಬ್ಯಾಡ. ಬಾಯಿಲೆ ಹೇಳ್ರಿ. ‘ಸಾಕು’ ಅನ್ರಿ. ಎರಡಕ್ಷರ.

ಬರಂಗಿಲ್ಲೇನು? ಹಂಗಾರ ಮೊನ್ನೆ ಲಾವಣ್ಯಾನ ಮುಂದ ಹೆಂಗ ಬಂತು?

...ನೋಡಿದ್ರಿ, ಕಣ್ಣು ಹೆಂಗ ಅಗಲಾದವು. ಮಾತು ಕಲಿಸಾಕ ಆಕೀನ ಮನಿಗೆ ಕರಸಿದವಳು ನಾನು. ಬಾಗಿಲ ಹೊರಗ ಚಾ ಹಿಡಕೊಂಡು ನಿಂತಿದ್ದೆ. ‘ನೀರು’ ಅಂದ್ರಿ. ಆಮ್ಯಾಲ ‘ಮೀನು’ ಅನ್ನಾಕ ಹೋಗಿ ‘ಮೀಮು’ ಅಂದ್ರಿ. ಆಕಿ ಚಪ್ಪಾಳಿ ಹೊಡದಳು. ನಾ ಒಳಗ ಬಂದೆ, ನಿಮ್ಮ ಬಾಯಿ ಮುಚ್ಚಿತು. ನಿನ್ನೆನೂ ಹಂಗ. ನಾ ಅಡಗಿಮನಿಯಾಗ ಇದ್ದರ ಮಾತು, ನಾ ಬಂದರ ಮೂಕ. ನಿನ್ನೆ ಮೊನ್ನೆ ಬಂದ ಹೊರಗಿನ ಹುಡುಗಿಗೆ ಸಿಕ್ಕದ್ದು ನನಗ ಯಾಕ ಸಿಗಂಗಿಲ್ಲ? ಅಷ್ಟು ಸೊಕ್ಕೇನು ಇನ್ನೂ?

ಗ್ವಾಡಿ ಯಾಕ ನೋಡ್ತೀರಿ... ನನ್ನ ನೋಡ್ರಿ.

ಓ.

ಸೊಕ್ಕಲ್ಲ ಇದು. ನಾ ನಗ್ತೀನಿ ಅಂತ ಅಂಜೀರಿ.

ಈ ಮೌನ ನನಗ ಚೊಲೋ ಗೊತ್ತದರಿ. ವಿಜಯಪುರದಿಂದ ಹೊಸದಾಗಿ ಬಂದಿದ್ದೆ. ನಿಮ್ಮ ಬ್ಯಾಂಕಿನ ಗೆಳೆಯರು ಊಟಕ್ಕ ಬಂದಿದ್ರು. ಸಾಹೇಬರು ಈಗ ಬರ್ತಾರ ಅಂತ ಹಿಂದಿಯಾಗ ಹೇಳಾಕ ಹೋಗಿ ‘ಸಾಹೇಬ್ ಅಭೀ ಆತೀ ಹೈ’ ಅಂದೆ, ಗಂಡಸಿಗೆ ಹೆಂಗಸಿನ ಮಾತು ಹಚ್ಚಿ. ನೀವು ಬಾತ್‌ರೂಮಿನಿಂದ ಹೊರಗ ಬಂದು, ‘ಇನ್ನೊಮ್ಮೆ ಹೇಳು’ ಅಂದ್ರಿ. ತಪ್ಪು ಅಂತ ಗೊತ್ತಿರಲಿಲ್ಲ, ಹೇಳಿದೆ. ‘ಇನ್ನೊಮ್ಮೆ’ ಅಂದ್ರಿ. ಎಲ್ಲಾರೂ ಹೊಟ್ಟಿ ಹಿಡಕೊಂಡು ನಕ್ಕರು, ಮೊದಲು ನಕ್ಕವರು ನೀವು. ಅವತ್ತಿನಿಂದ ಯಾರು ಬಂದರೂ ನಾ ತಟ್ಟಿ ಇಟ್ಟು ಒಳಗ ಹೋಗ್ತಿದ್ದೆ. ‘ನಮ್ಮಾಕಿ ಮಾತು ಕಡಿಮಿ’ ಅಂತ ನೀವು ಅವರಿಗೆ ಹೇಳ್ತಿದ್ರಿ.

ಅಳಬ್ಯಾಡ್ರಿ. ಅಳೂದಕ್ಕ ಬಾಯಿ ಬೇಕಾಗಿಲ್ಲ, ಅದು ಹಗುರ. ನನಗದು ಬ್ಯಾಡ.

ನೋಡ್ರಿ, ನಾ ಸುರುವತೀನಿ. ಮಾರಿ ಟ್ಯಾಂಕಿನ ಕಡೆ ಮಾಡ್ತೀನಿ, ನಿಮ್ಮ ಬಾಯಿ ನೋಡಂಗಿಲ್ಲ. ನೀವು ಸಾಕು ಅನ್ನೂತನ ಸುರುವೂದು ಬಿಡಂಗಿಲ್ಲ.

...ಅಂಚಿಗೆ ಬಂತು. ಇನ್ನೊಂದು ಬಕೀಟು ಅದ.

...ನೆಲಕ್ಕ ಬೀಳಾಕತ್ತದ. ಸೀರಿ ತೊಯ್ತು. ಕೆಳಗಿನ ಮನಿಯವರು ಈಗ ಮ್ಯಾಲ ಬರ್ತಾರ, ಬರಲಿ.

ಸಾಕು ಅನ್ರಿ. ಶಾಕು ಅನ್ರಿ, ಚಾಪು ಅನ್ರಿ, ಹೆಂಗ ಬರ್ತದ ಹಂಗ ಅನ್ರಿ. ನಿಮ್ಮಂಗ ನಾ ನಗಂಗಿಲ್ಲ.