ಸ್ನಾನದ ಮನೆಯ ನಡುಗೋಡೆ

ಭಾನುವಾರ ಬೆಳಿಗ್ಗೆ ಊರ ಬಿಸಿನೀರ ಬುಗ್ಗೆಯ ನಲ್ಲಿಯ ಮುಂದೆ ಕ್ಯಾನು ಹಿಡಿದು ನಿಂತಿದ್ದೆ. ನನ್ನ ಮುಂದೆ ರಾಡ್ಕಾ ಅಜ್ಜಿ, ಅವಳ ಪಕ್ಕ ನಗರಸಭೆಯ ಯಾನಾ. ಎದುರಿಗೇ, ಇಪ್ಪತ್ತು ವರ್ಷದಿಂದ ಬೀಗ ಬಿದ್ದಿರುವ ಹಳೆಯ ಸ್ನಾನದ ಮನೆ. ಅಜ್ಜಿ ಅದನ್ನೇ ನೋಡುತ್ತಿದ್ದಳು.

“ಪ್ರಾಂತ್ಯದವರು ಇದ್ರ ರಿಪೇರಿಗೆ ದುಡ್ಡು ಕೊಡ್ತಾರಂತಲ್ಲೇ, ಹೌದಾ?”

“ಮಂಜೂರಾಯ್ತು ಅಜ್ಜಿ. ಮೂರು ಊರು ಸೇರಿ ಅರ್ಜಿ ಹಾಕಿದ್ವಿ. ಇನ್ನು ರಾಜಧಾನಿ ಸೋಫಿಯಾದಿಂದೆಲ್ಲ ಪ್ರವಾಸಿಗರು ಬರ್ತಾರೆ, ನೋಡ್ತಿರಿ.”

“ಬರ್ಲಿ, ಬರ್ಲಿ. ಹೊಸದ್ರಲ್ಲಿ ಹೆಂಗಸರ ಕೊಳ ಯಾವ ಕಡೆ?”

“ಹೆಂಗಸರು, ಗಂಡಸರು ಅಂತಿಲ್ಲ. ನಡುಗೋಡೆ ಒಡೆದು ಒಂದೇ ದೊಡ್ಡ ಕೊಳ ಮಾಡ್ತೀವಿ.”

“ಗೋಡೆ ಒಡೀತೀರಾ?”

“ಗಂಡ ಹೆಂಡ್ತಿ ಒಟ್ಟಿಗೆ ಕೂತ್ಕೋಬಹುದಲ್ಲ! ನಿಮ್ಮ ಕಾಲದಲ್ಲಿ ಆ ಭಾಗ್ಯ ಎಲ್ಲಿತ್ತು?”

“ನಮ್ಮ ಪೆಂಚೋ ಆ ಕಡೆಯಿಂದ ಮೂರು ಸಲ ಗೋಡೆ ಬಡೀತಿದ್ದ. ನಂದು ಮುಗೀತು, ಹೊರಡೋಣ ಅಂತ. ಎಲ್ಲರ ಗಂಡಂದಿರೂ ಬಡಿಯೋರು. ಆದ್ರೂ ಅವನ ಬಡಿತ ನಂಗೆ ಗೊತ್ತಾಗ್ತಿತ್ತು.”

“ನೀವೂ ತಿರುಗಿ ಬಡೀತಿದ್ರಾ?”

“ಎಲ್ಲಿ! ಕಾಯ್ಲಿ ಅಂತ ಇನ್ನೊಂದು ಮುಳುಗು ಹಾಕ್ತಿದ್ದೆ. ಒದ್ದೆ ತಲೇಲಿ ಬಾಗಿಲ ಹತ್ರ ಬೈಕೊಂಡು ನಿಂತಿರೋನು, ಪಾಪ.”

ಯಾನಾ ನಗಲು ಹೋಗಿ ತಡೆದುಕೊಂಡಳು. ಪೆಂಚೋ ತೀರಿಕೊಂಡದ್ದು ಕಳೆದ ಚಳಿಗಾಲದಲ್ಲಿ.

“ಗೋಡೆ ಉಳಿಸೋಕಾಗಲ್ಲ ಅಜ್ಜಿ. ನಕ್ಷೆ ಒಪ್ಪಿದ ಮೇಲೇ ಅವರು ಹಣ ಕೊಟ್ಟಿದ್ದು.”

“ಉಳಿಸು ಅಂತ ಯಾರಂದ್ರು? ಒಡೆಯೋ ಹಿಂದಿನ ದಿನ ಬೀಗ ತೆಗೆಸು, ಸಾಕು.”

“ಯಾಕೆ?”

ಅಜ್ಜಿ ತುಂಬಿದ ಕ್ಯಾನಿಗೆ ಮುಚ್ಚಳ ತಿರುಗಿಸಿ, ಎತ್ತಿಕೊಂಡು ನಡೆದಳು.

“ಒಂದ್ ಸಲ ತಿರುಗಿ ಬಡಿದು ಬರ್ತೀನಿ.”