ಯಾರಿಗೂ ಬೇಡವಾದ ಹಾಳೆ

...ಅದು ಬರೀ ಕಲೆ, ಕೀರ್ ಸಬ್ಬೆತಾಯ್. ಮಣ್ಣಿನ ತೇವ. ಅಕ್ಷರಕ್ಕೇನೂ ಆಗಿಲ್ಲ, ಕನ್ನಡಕ ಹಾಕಿಕೊಂಡು ನೋಡಿ. ಹಾಕಿಕೊಂಡೇ ಇದೀರಿ... ಸರಿ. ನೋಡಿ. ನಾನು ಬಾಯಿ ಮುಚ್ಚಿಕೊಂಡಿರ್ತೀನಿ.

ಒಂದೇ ಒಂದು ಮಾತು. ತೋರಾ ತಿದ್ದೋ ಲಿಪಿಕಾರರು ನೀವು, ಸೋಮವಾರ ಯಾನಿನಾದ ಬಸ್ಸಿಳಿದು ಕೈಕಾಲು ತೊಳೆದು ಈ ಮೇಜಿಗೆ ಕೂತಿರಿ. ಇವತ್ತು ಗುರುವಾರ. ಮೂರು ದಿನದಲ್ಲಿ ತೋರಾದ ನಾಲ್ಕು ಪುಸ್ತಕ ಮುಗಿದು ಐದನೆಯದರ ಅರ್ಧಕ್ಕೆ ಬಂದಿದೀರಿ. ಇಷ್ಟುದ್ದ ಸುರುಳಿಯಲ್ಲಿ ಕೆಟ್ಟಿದ್ದು ಹನ್ನೊಂದಕ್ಷರ, ಹನ್ನೊಂದನ್ನೂ ತಿದ್ದಿದೀರಿ. ಇನ್ನು ಉಳಿದದ್ದು ಸುರುಳಿಯ ಒಳಹೊಟ್ಟೆ. ಅಲ್ಲಿಗೆ ನೀರು ಹೋಗಲ್ಲ, ಹುಳ ಹೋಗಲ್ಲ. ಊಟ ಮಾಡಿ. ಬೀನ್ಸಿನ ಸಾರು ಆರ್ತಾ ಇದೆ. ಎಣ್ಣೆ ಒಳ್ಳೇದು, ನಮ್ಮದೇ ಊರಿನದು... ಬೇಡವೇ? ಆಮೇಲೆ ತಿಂತೀರಾ?

ಆಮೇಲೆ ಅಂದ್ರೆ ಇದನ್ನೂ ನೋಡೇ ತಿನ್ನೋದು ಅಂತ.

ಇಲ್ಲ, ಆತುರ ಏನಿಲ್ಲ. ಆತುರ ಬೊಹೋರನಿಗೆ, ನಮ್ಮ ಅಧ್ಯಕ್ಷನಿಗೆ. ಜರ್ಮನ್ನರು ಮದ್ದಿಟ್ಟು ಹಾರಿಸಿದ ಸಭಾಮಂದಿರ ಇದು, ಪೂರ್ವದ ಗೋಡೆ ಒಂದು ಬಿಟ್ಟರೆ ಏನೂ ಉಳಿದಿರಲಿಲ್ಲ. ಎರಡೂವರೆ ವರ್ಷ ಇದೇ ಕಲ್ಲುರಾಶಿ ಮೇಲೆ ಮೇಕೆ ಮೇಯ್ತಿದ್ದವು. ನಾನು ಇಲ್ಲಿಯ ಪರಿಚಾರಕ, ಮೇಕೆ ಓಡಿಸೋದೇ ನನ್ನ ಪರಿಚಾರಿಕೆ ಆಗಿತ್ತು. ಈಗ ನೋಡಿ, ಗೋಡೆ ಎದ್ದಿದೆ, ತಗಡು ಹೊದ್ದಿದೆ. ಶನಿವಾರ ಶಬ್ಬತ್ ಪ್ರಾರ್ಥನೆಯೊಂದಿಗೆ ತೆರೀಬೇಕು ಅಂತ ಬೊಹೋರ್ ಹಠ ಹಿಡಿದಿದಾನೆ. ನಾನಂದೆ, ಇನ್ನೊಂದು ವಾರ ತಡೀರಿ, ಗಾರೆ ಒಣಗಿಲ್ಲ. ಅವನಂದ, ಮೊರ್ದೊ, ನಿನ್ನ ಗಾರೆ ಒಣಗೋ ಹೊತ್ತಿಗೆ ನಾವು ಒಣಗಿರ್ತೀವಿ.

ಬಾಗಿಲ ಎದುರಿಗೆ ಒಂದು ಮೊಳ ಗೋಡೆ ಬೋಳು ಬಿಟ್ಟಿರೋದು ಕಂಡಿರಾ? ಹಾಳಾದ ಜೆರೂಸಲೇಮಿನ ದೇವಾಲಯದ ನೆನಪಿಗೆ ಮನೆಯಲ್ಲಿ ಬಿಡೋದು ಪದ್ಧತಿ, ಮಂದಿರದಲ್ಲೂ ಬಿಡಬೇಕು ಅಂತ ಬೊಹೋರ್. ಮೇಸ್ತ್ರಿ ಕ್ರೈಸ್ತರವನು, ಒಳ್ಳೇ ಮನುಷ್ಯ. ಕರಣೆ ಹಿಡಕೊಂಡು ನಿಂತೇಬಿಟ್ಟ. 'ಇಡೀ ಕಟ್ಟಡ ಕೆಡವಿಸಿಕೊಂಡಿದೀರಲ್ರಪ್ಪಾ, ನೆನಪಿಗೆ ಅದು ಸಾಲದೇ, ಇನ್ನೂ ಒಂದು ಮೊಳ ಬೇಕೇ?'

ನಗ್ತೀರಾ? ನಗಿ. ನಾಲ್ಕು ದಿನದಲ್ಲಿ ಮೊದಲ ಸಲ ನಕ್ಕಿದ್ದು ನೀವು.

ಆ ಹಾಳೆ ಬಿಡಿ... ಅಂದ್ರೆ, ಬಿಡಿ ಅಂತಲ್ಲ. ಅದರಲ್ಲಿ ಏನೂ ಇಲ್ಲ ಅಂದೆ. ಬೆಳಕಿಗೆ ಹಿಡೀಬೇಡಿ, ಚರ್ಮ ಹಳೇದು. ಇದು ಪೆಟ್ಟಿಗೆಯಲ್ಲಿ ಕೂತಿದ್ದ ಸುರುಳಿ ಅಲ್ಲ, ನಾನು ಬೆನ್ನ ಮೇಲೆ ಹೊತ್ತ ಸುರುಳಿ. ನಲವತ್ತಮೂರರ ಚಳಿಗಾಲ, ಮರದ ಕರಂಡ ಇಲ್ಲೇ ಬಿಟ್ಟು, ಬರೀ ಸುರುಳಿಯನ್ನ ಕುರುಬರ ಕಂಬಳಿಯಲ್ಲಿ ಸುತ್ತಿ ಬೆಟ್ಟ ಹತ್ತಿದೆ. ಒಂದು ಕೈಯಲ್ಲಿ ಮಗಳು, ಸಿಮ್ಹೂಲಾ. ಏಳು ವರ್ಷ ಅವಳಿಗೆ. ತಾಯಿ ಹೆರಿಗೆಯಲ್ಲೇ ಹೋಗಿದ್ದಳು. ಊರಿನ ಬಾಕಿ ಮೂರು ಸುರುಳಿಯೂ ಮಂದಿರದ ಜೊತೆ ಬೂದಿಯಾದವು. ಇದೊಂದೇ ಉಳಿದದ್ದು. 'ತೋರಾ ಉಳಿಸಿದ ಮೊರ್ದೊ' ಅಂತಾರೆ ಈಗ ನನಗೆ. ಮೊದಲು ಏನಂತಿದ್ದರು ಗೊತ್ತೇ? 'ದೀಪದ ಎಣ್ಣೆ ಕದಿಯೋ ಮೊರ್ದೊ' ಅಂತಿದ್ದರು. ಶನಿವಾರ ನಾನೇ ಇದನ್ನ ಎದೆಗೊತ್ತಿಕೊಂಡು ಒಳಗೆ ತರಬೇಕಂತೆ. ಎಲ್ಲರೂ ಎದ್ದು ನಿಂತು ಪ್ರಾರ್ಥನೆಯ ಶಾಲಿನ ಅಂಚಿನಲ್ಲಿ ಮುಟ್ಟಿ ಮುತ್ತಿಡ್ತಾರಂತೆ.

ಏನು? ಯಾಕೆ ನಿಲ್ಲಿಸಿದಿರಿ?

ಅದು ಹೊಲಿಗೆ. ಪ್ರತಿ ಹಾಳೆಗೂ ಹಾಳೆಗೂ ನಡುವೆ ಹೊಲಿಗೆ ಇರುತ್ತಲ್ಲ. ನರದ ದಾರವೇ ಅದು, ಮುಟ್ಟಿ ನೋಡಿ. ಹೊಸದಾಗಿ ಕಾಣುತ್ತಾ? ಬಿಚ್ಚಿಹೋಗಿತ್ತು, ಹೊಲಿದೆ. ಕುರಿಯ ನರ, ನಾನೇ ಒಣಗಿಸಿ ಸೀಳಿದ್ದು. ಆ ಹೊತ್ತಿಗೆ ಮಾಡಿದ ಕೆಲಸ... ನಿಮ್ಮ ಕೈಯಷ್ಟು ಚೆಂದ ಬರಲ್ಲ ನನಗೆ.

ಬೆರಳು ತೆಗೀರಿ ಅಲ್ಲಿಂದ.

ಇಲ್ಲಿ ಕೊನೇ ಸಾಲು, ಅಲ್ಲಿ ಮೊದಲ ಸಾಲು. ಹೌದು. ಕೂಡಲ್ಲ. ನನಗೂ ಓದೋಕೆ ಬರುತ್ತೆ. ಇಲಿ ತಿಂತು, ಕೀರ್ ಸಬ್ಬೆತಾಯ್. ಕುರುಬನ ಗುಡಿಸಲು, ಇಲಿ ಅಂದ್ರೆ ಬೆಕ್ಕಿನಷ್ಟು ದಪ್ಪ. ಒಂದು ಹಾಳೆ ಪೂರಾ... ಅಂಚು ಬಿಟ್ಟು...

ಇಲಿ ಹೊಲಿಗೆ ಬಿಚ್ಚಿ ತಿನ್ನಲ್ಲ. ಗೊತ್ತು. ಹಾಗೆ ನೋಡಬೇಡಿ ನನ್ನ.

ಬಿಚ್ಚಿದ್ದು ನಾನೇ.

ಕೇಳಿ. ಮೊದಲು ಕೇಳಿ, ಆಮೇಲೆ ಬೊಹೋರನನ್ನ ಕರೀರಿ. ಫೆಬ್ರುವರಿ. ಜರ್ಮನ್ನರು ಹಳ್ಳಿಗಳನ್ನ ಸುಡ್ತಾ ಮೇಲೆ ಬರ್ತಿದ್ದರು. ಕುರುಬ ಬಂದು ಹೇಳಿದ, ಇವತ್ತೇ ಕಣಿವೆ ದಾಟಬೇಕು, ಎರಡು ದಿನದ ದಾರಿ, ಮೊಣಕಾಲುದ್ದ ಹಿಮ. ಸಿಮ್ಹೂಲಾಳ ಬೂಟಿಗೆ ಅಟ್ಟೆಯೇ ಇರಲಿಲ್ಲ. ಅಟ್ಟೆ ಇದ್ದ ಕಡೆ ಚಿಂದಿ ತುರುಕಿದ್ದೆ. ಚಿಂದಿ ನೀರು ಕುಡಿಯುತ್ತೆ. ಅದಕ್ಕೂ ಮೊದಲ ವಾರ ನಮ್ಮವನೇ ಒಬ್ಬ, ಅವನ ಕಾಲ್ಬೆರಳು ಕಪ್ಪಾಗಿ ಉದುರಿದ್ದನ್ನ ನೋಡಿದ್ದೆ. ಗುಡಿಸಲಿನಲ್ಲಿ ಚರ್ಮ ಅಂತ ಇದ್ದದ್ದು ಇದೊಂದೇ. ಕತ್ತಲೆ. ಕೈಗೆ ಯಾವ ಹಾಳೆ ಸಿಕ್ಕಿತೋ ಅದನ್ನ ಬಿಚ್ಚಿದೆ. ನಾಲ್ಕು ಪದರ ಮಡಚಿ, ಅವಳ ಪಾದ ಇಟ್ಟು ಗುರುತು ಮಾಡಿ ಕುಯ್ದೆ. ಅವಳು ಕಚಗುಳಿ ಆಗುತ್ತೆ ಅಂತ ಕಾಲೆಳೆದುಕೊಂಡಳು.

ಒಂದು ಜೀವ ಉಳಿಸೋಕೆ ಏನು ಬೇಕಾದರೂ ಮುರೀಬಹುದು ಅಂತ ನೀವೇ ಅಲ್ಲವೇ ಕಲಿಸೋದು? ಕೊಲೆ, ವಿಗ್ರಹಪೂಜೆ, ವ್ಯಭಿಚಾರ, ಈ ಮೂರು ಪಾಪ ಬಿಟ್ಟು ಮಿಕ್ಕಿದ್ದೆಲ್ಲ. ಇದು ಆ ಮೂರರಲ್ಲಿ ಇಲ್ಲ. ನಾನು ನೋಡಿದೀನಿ, ಇಲ್ಲ.

ಏನಾದರೂ ಹೇಳಿ.

ಆ ಕೊನೇ ಸಾಲಿನ ಮೇಲೇ ಬೆರಳು ಇಟ್ಟಿದೀರಿ. ಒಳ್ಳೆ ಮಾತೆಲ್ಲ ಮುಗಿಯೋ ಸಾಲು. ಊರಲ್ಲೂ ಆಶೀರ್ವಾದ, ಹೊಲದಲ್ಲೂ ಆಶೀರ್ವಾದ... ಅದರ ಮುಂದಿನ ಹಾಳೆ ಯಾವುದು ಅಂತ ನಿಮಗೆ ಗೊತ್ತು. ಈ ಶನಿವಾರ ಮಂದಿರದಲ್ಲಿ ಓದಬೇಕಾದ ಪಾಠವೂ ಅದೇ ಅಂತಲೂ ಗೊತ್ತು. ಇದ್ದಬದ್ದ ಹಾಳೆಯಲ್ಲೆಲ್ಲ ಕೈಗೆ ಅದೇ ಹೇಗೆ ಸಿಕ್ಕಿತು ಅಂತ ಕೇಳ್ತಾ ಇದೀರಿ. ಬಾಯಿ ಬಿಡದೆ ಕೇಳ್ತಾ ಇದೀರಿ.

ಕತ್ತಲೆ ಇರಲಿಲ್ಲ.

ಹಗಲು. ಹಿಮದ ಬೆಳಕು ಬಾಗಿಲಿಂದ ಬರ್ತಾ ಇತ್ತು, ಒಂದೊಂದಕ್ಷರವೂ ಕಾಣ್ತಿತ್ತು. ನೆಲದ ಮೇಲೆ ಸುರುಳಿ ಬಿಚ್ಚಿ ಹುಡುಕಿದೆ. ಸೃಷ್ಟಿ ಮುಟ್ಟೋಕೆ ಆಗಲಿಲ್ಲ. ಸಮುದ್ರ ಸೀಳಿದ್ದು, ಅದೂ ಆಗಲಿಲ್ಲ. ಹತ್ತು ಆಜ್ಞೆ, ಅದನ್ನ ಹೇಗೆ... ಇದನ್ನ ತೆಗೆದರೆ ಯಾರು ಅಳ್ತಾರೆ, ಅದನ್ನ ತೆಗೆದರೆ ಯಾರು ಅಳ್ತಾರೆ, ಅಂತ ನೋಡ್ತಾ ಹೋದೆ. ಆಗ ದೇವರ ಮಾತು ಮೀರಿದವರಿಗೆ ಏನೇನಾಗುತ್ತೆ ಅಂತ ಎಣಿಸೋ ಶಾಪದ ಹಾಳೆ ಬಂತು. ಯಾರಿಗೂ ಬೇಡವಾದದ್ದು. ನಿಮ್ಮ ಊರಲ್ಲಿ ಹೇಗೋ, ನಮ್ಮಲ್ಲಿ ಅದನ್ನ ಓದೋ ಶಬ್ಬತ್ ಬಂದರೆ ದೊಡ್ಡವರೆಲ್ಲ ಕೆಮ್ಮೋಕೆ ಶುರು ಮಾಡ್ತಿದ್ದರು. ಆ ಪಾಠಕ್ಕೆ ಎದ್ದು ನಿಂತವನಿಗೆ ಶಾಪ ತಗಲುತ್ತೆ ಅಂತ ಭಯ. ಕೊನೆಗೆ 'ಮೊರ್ದೊನ್ನ ಕರೀರಿ' ಅನ್ನೋರು. ಪರಿಚಾರಕ ತಾನೇ. ಹತ್ತೊಂಬತ್ತು ವರ್ಷ ನಾನೇ ನಿಂತೆ. ನೆಲ ನೋಡ್ತಾ, ಯಾರಿಗೂ ಕೇಳಿಸದ ಹಾಗೆ ಗುನುಗ್ತಾ ಓದಿದೆ.

ಅದು ನನ್ನದೇ ಅನ್ನಿಸ್ತು. ಇಡೀ ತೋರಾದಲ್ಲಿ ನನ್ನ ಪಾಲು ಅದು.

ಮತ್ತೆ ಇನ್ನೊಂದೂ ಅನ್ನಿಸ್ತು. ಆ ಶಾಪ ಎಲ್ಲಾ ಆಗಿಹೋಗಿದೆಯಲ್ಲ, ಇನ್ನು ಇಟ್ಟುಕೊಂಡು ಏನು ಮಾಡೋದು? ಕಾಲಡಿ ಹಾಕಿ ತುಳೀಲಿ ನನ್ನ ಮಗು, ತುಳಿದುಕೊಂಡೇ ಬೆಟ್ಟ ದಾಟಲಿ. ಸಂತೋಷ ಆಯ್ತು, ಕೀರ್ ಸಬ್ಬೆತಾಯ್. ಸುಳ್ಳು ಯಾಕೆ ಹೇಳಲಿ, ಕುಯ್ಯುವಾಗ ಸಂತೋಷ ಆಯ್ತು.

ದಾಟಿದಳು. ಎರಡು ದಿನ ನಡೆದಳು. 'ಅಪ್ಪಾ, ಕಾಲು ಬೆಚ್ಚಗಿದೆ' ಅಂತಾನೇ ಇದ್ದಳು. ಒಂದು ಬೆರಳೂ ಕೆಟ್ಟಿರಲಿಲ್ಲ. ಆಚೆ ಹಳ್ಳಿ ಸೇರಿದ ಮೂರನೇ ದಿನ ಜ್ವರ ಎದೆಗೆ ಇಳೀತು. ಕಾಲಿಗಲ್ಲ, ಎದೆಗೆ. ಒಂಬತ್ತನೇ ದಿನ...

ಊರಲ್ಲಿ ಕೇಳಿದವರಿಗೆಲ್ಲ ಚಳಿ ಅಂದಿದೀನಿ. ಚಳಿಯೇ. ಬೇರೆ ಏನೂ ಹೇಳಿಲ್ಲ.

ಬೂಟು ಬಿಚ್ಚಲಿಲ್ಲ. ಸತ್ತವರ ಕಾಲಿಗೆ ಚರ್ಮ ಇಟ್ಟು ಹೂಳಬಾರದು, ಗೊತ್ತು. ಆದರೆ ಕೆಟ್ಟ ತೋರಾ ಹಾಳೆಯನ್ನ ಮಣ್ಣು ಮಾಡಬೇಕು, ಎಸೀಬಾರದು, ಅದೂ ಗೊತ್ತು. ಎರಡನ್ನೂ ಒಂದೇ ಗುಂಡಿಯಲ್ಲಿ ಮಾಡಿದೆ. ಮಣ್ಣು ಮುಚ್ಚಿ ಗುದ್ದಲಿ ಒರಗಿಸಿದಾಗ ನೆನಪಾಯ್ತು. ಆ ಹಾಳೆಯಲ್ಲಿ ಅಂಗಾಲಿನ ಮಾತೂ ಇದೆ. ನಿಮಗೆ ಬಾಯಿಪಾಠ ಇರುತ್ತೆ. ನನಗೂ ಇತ್ತು, ಹತ್ತೊಂಬತ್ತು ವರ್ಷ ಓದಿದವನು ನಾನು. ಅಂಗಾಲಿಗೆ ನಿಲ್ಲೋಕೆ ಎಡೆ ಸಿಗದು ಅಂತ... ಕುಯ್ಯುವಾಗ ನೆನಪಾಗಲಿಲ್ಲ. ಹೂತ ಮೇಲೆ ನೆನಪಾಯ್ತು. ಆ ಮಾತನ್ನ ಅವಳ ಅಂಗಾಲಿಗೆ ಕಟ್ಟಿದವನು ನಾನು.

ಬೇರೆ ಹಾಳೆ ಕುಯ್ದಿದ್ದರೆ? ನೀವು ಓದಿದವರು. ಸೃಷ್ಟಿಯ ಹಾಳೆ ಕುಯ್ದಿದ್ದರೆ ಬದುಕ್ತಿದ್ದಳೇ? ಇದನ್ನ ಕೇಳೋಕೆ ಎರಡು ವರ್ಷದಿಂದ ಒಬ್ಬರೂ ಸಿಕ್ಕಿರಲಿಲ್ಲ. ನೀವು ಬರ್ತೀರಿ ಅಂತ ತಿಳಿದಾಗ ಹೆದರಿದೆ, ಆದರೆ ಬಸ್ಸಿನ ಹತ್ತಿರ ಒಂದು ಗಂಟೆ ಮೊದಲೇ ಹೋಗಿ ನಿಂತಿದ್ದೆ.

ಹೂಂ ಅನ್ನಿ. ಇಲ್ಲ ಅನ್ನಿ. ಯಾವುದಾದರೂ ಒಂದು.

...

ಏನದು? ಹೊಸ ಹಾಳೆ ಯಾಕೆ ಬಿಚ್ತೀರಿ? ಗೆರೆ ಎಳೀತಿದೀರಿ... ಈಗಲೇ? ಮೂರು ಅಂಕಣ ಆಗುತ್ತೆ ಅದು. ನಾಳೆ ಸಂಜೆ ಸೂರ್ಯ ಇಳಿದರೆ ಶಬ್ಬತ್, ಬರೆಯೋ ಹಾಗಿಲ್ಲ, ಅದರೊಳಗೆ ಮುಗಿಯುತ್ತಾ? ಬೊಹೋರನಿಗೆ ಏನು ಹೇಳ್ತೀರಿ? ಹೇಳಲ್ಲವೇ?

ಈ ಅಚ್ಚಿನ ತೋರಾ ಪುಸ್ತಕ ನನಗ್ಯಾಕೆ ಕೊಡ್ತೀರಿ?

ನಾನು ಓದಿ ಹೇಳಬೇಕೇ, ನೀವು ಕೇಳಿ ಬರೀತೀರಾ? ಬೇರೆ ಯಾರನ್ನಾದರೂ... ಇಲ್ಲ, ಬೇರೆ ಯಾರನ್ನ ಕರೆಯೋದು. ಬೆಳಕಿಗೆ ಬರ್ತೀನಿ, ತಡೀರಿ. ಗುನುಗಿದರೆ ಸಾಲದು ಅಲ್ಲವೇ? ಜೋರಾಗಿ. ಒಂದೊಂದು ಪದ ಬಿಡಿಸಿ. ಇಲ್ಲಿಂದ. ಸರಿ.

ಅಂಗಾಲಿನ ಆ ಒಂದು ಸಾಲು ಬಂದಾಗ ಮಾತ್ರ ನೀವೇ ನೋಡಿ ಬರೆದುಕೊಳ್ಳಿ, ಕೀರ್ ಸಬ್ಬೆತಾಯ್. ನಾನು ಹೊರಗೆ ಮೆಟ್ಟಿಲ ಮೇಲೆ ಕೂತಿರ್ತೀನಿ. ಬರೆದಾದ ಮೇಲೆ ಕರೀರಿ.