ಅವ್ವನ ಬಾಯಿಗೆ ಜಾಲಿ ಕಷಾಯ

"ಹಲೋ... ಹಲೋ, ಯಾರು ಮಾತಾಡಾಕತ್ತೀರಿ? ಹಾಂ? ಕನಕಾ ಏನೋ? ಜೋರಾಗಿ ಮಾತಾಡೋ, ನಾನು ನಿಮ್ಮಕ್ಕ, ಆದೆಮ್ಮ..."

ದೇವದುರ್ಗದಲ್ಲಿ ಖಾಜಾಮಿಯಾನ ಗೊಬ್ಬರದಂಗಡಿಗೆ ರಾಯಚೂರಿನಿಂದ ಟ್ರಂಕ್ ಕಾಲ್ ಬಂದಿತ್ತು. ಆದೆಮ್ಮ ಒಲೆ ಮೇಲಿನ ಕಷಾಯ ಇಳಿಸಿ, ಕೈ ಕೂಡ ಒರೆಸಿಕೊಳ್ಳದೆ ಓಡಿ ಬಂದಿದ್ದಳು. ತಮ್ಮ ಕನಕರಾಯ ಅವ್ವನನ್ನು ಅಲ್ಲಿನ ಆಸ್ಪತ್ರೆಗೆ ಸೇರಿಸಿ ವಾರವಾಗಿತ್ತು.

"ಅವ್ವ ಹೆಂಗದಾಳೋ?... ಉಂಡಳಾ?... ಗಂಜೀನೂ ಬ್ಯಾಡ ಅಂತಾಳಾ? ಒಸಡು ಬಾತಿದ್ರ ಯಾರಿಗೆ ಊಟ ಸೇರ್ತದ ಹೇಳು?..."

"ನಮ್ಮ ಓಣಿ ಮೌನಪ್ಪನ ಕೈಲಿ ಬಾಟ್ಲಿ ಕಳಿಸಿದ್ನಲ್ಲ, ಮುಟ್ಟಿತಾ?... ಹಾಂ, ಜಾಲಿ ಚಕ್ಕಿದು. ಪ್ಯಾರಲ ಎಲಿ, ಒಂದೀಟು ಉಪ್ಪು ಹಾಕಿ ಕುದಿಸೀನಿ. ಉಗುರುಬೆಚ್ಚಗ ಮಾಡಿ ಮುಕ್ಕಳಿಸಿ ಉಗುಳಾಕ ಹೇಳು... ಏನು? ಮೊನ್ನಿ ಡಾಕ್ಟರ್ ಬೈದ್ರಾ? ಹನಿ ಸೈತ ಮುಟ್ಟಿಸಬ್ಯಾಡ್ರಿ ಅಂದ್ರಾ?"

ಆದೆಮ್ಮನಿಗೆ ಮೈ ಉರಿಯಿತು. ಓಣಿಯ ಅರ್ಧ ಮಂದಿಯ ಒಸಡು ಇದೇ ಕಷಾಯದಿಂದ ವಾಸಿಯಾಗಿತ್ತು. ಕುರಿ ಕಾಯುವವರ ಮನೆಯ ಮದ್ದು ಎಂದರೆ ಓದಿದವರಿಗೆ ಅಷ್ಟಕ್ಕಷ್ಟೇ.

"ಹೋದ ವರ್ಷ ರಕ್ತ ಬಂದಾಗ ಇದರಿಂದಲೇ ನಿಂತಿತ್ತಲ್ಲೋ? ಬಾವು ಇಳಿದು ರೊಟ್ಟಿ ಕಡೀತಿದ್ಲಲ್ಲೋ? ಆಗ ತೋರಿಸಿದ್ದ ಮಾನ್ವಿ ಡಾಕ್ಟರ್ ರಾಯಚೂರಿಗೆ ಒಯ್ರಿ ಅಂದ್ರು, ಅವ್ವನೇ ಬ್ಯಾಡ ಅಂದ್ಲು... ಹಾಂ? ಒಸಡು ಅಲ್ಲಾ? ಕೆನ್ನಿ ಒಳಗ ಹುಣ್ಣಾ?..."

"ಸುಟ್ಟ ತಂಬಾಕು ಪುಡೀನಾ? ಇಡ್ತಿದ್ಲಪ್ಪ, ಅದೇನು ಹೊಸದಾ? ಅದೇ ಕೆನ್ನಿಗೆ ಒತ್ತರಿಸ್ತಿದ್ಲು. ಹೆಂಗೂ ಕಷಾಯ ಅದಲ್ಲ, ತೊಳಕೊಂಡು ಹೋಗ್ತದ ಅಂತಿದ್ಲು. ನಾವೂ ಹೌದು ಹೌದು ಅಂದ್ವಿ..."

ಅವ್ವ ಯಮನಮ್ಮ ಯಾರೆದುರೂ ಬಾಯಿ ತೆರೆದವಳಲ್ಲ. ಸೆರಗು ಅಡ್ಡ ಹಿಡಿದು ಬಚ್ಚಲಿನಲ್ಲಿ ಮುಕ್ಕಳಿಸಿ ಬರುವಳು, ಈಗ ಹಗುರಾಯಿತು ಎನ್ನುವಳು. ಒಳಗೆ ಏನಿದೆ ಎಂದು ಹೊಟ್ಟೆಯಲ್ಲಿ ಹುಟ್ಟಿದ ಮಗಳೂ ನೋಡಿರಲಿಲ್ಲ.

"ಇವತ್ತೇನಂದ್ರು ಡಾಕ್ಟರ್?... ಇನ್ನೊಮ್ಮಿ ಹೇಳು... ಕಷಾಯ ಕೊಡ್ರಿ ಅಂದ್ರಾ? ಖರೇನಾ? ನೋಡಿದೇನೋ! ನಾ ಅಂದಿದ್ದಿಲ್ಲಾ? ಖಾಜಾಮಿಯಾ, ಕೇಳಿದ್ರೇನ್ರೀ, ಡಾಕ್ಟರೇ ಒಪ್ಪಿದ್ರಂತ! ಕನಕಾ, ನಾಳಿ ಬಸ್ಸಿಗೆ ನಾನೇ ತರ್ತೀನಿ, ಮನ್ಯಾಗ ಈಗಷ್ಟ ಇಳಿಸಿಟ್ಟು ಬಂದೀನಿ..."

"ಮತ್ತ ಆಪರೇಶನ್ ಎಂದ ಮಾಡ್ತಾರಂತ?... ಮಾಡಂಗಿಲ್ಲಾ? ಯಾಕ?... ಹುಣ್ಣು ಗಂಟಲಿಗೆ ಇಳಿದದಾ?... ಗುಳಿಗಿ?... ಅದೂ ಬ್ಯಾಡಂತಾ?..."

"ಅಳಬ್ಯಾಡೋ, ಬಿಡಿಸಿ ಹೇಳು... ಮನಿಗೆ ಕರಕೊಂಡು ಹೋಗ್ರಿ... ಹಾಂ... ಆಕಿ ಏನ್ ಕೇಳ್ತಾಳ ಕೊಡ್ರಿ, ಕಷಾಯ ಕೇಳಿದ್ರ ಕಷಾಯ, ತಂಬಾಕು ಕೇಳಿದ್ರ ತಂಬಾಕು... ಹಂಗಂದ್ರಾ?"

ಮೊನ್ನೆ ಬೈಯುವಾಗ ಡಾಕ್ಟರಿಗೆ ಅವ್ವನನ್ನು ಉಳಿಸುವ ಆಸೆ ಇತ್ತು. ಇವತ್ತು ಅದು ಹೋಗಿತ್ತು. ಖಾಜಾಮಿಯಾ ಎದ್ದು ಕುರ್ಚಿ ಸರಿಸಿ ಕೊಟ್ಟ. ಆದೆಮ್ಮ ಕೂರಲಿಲ್ಲ.

"ಕನಕಾ... ಕಷಾಯ ಕೊಡಬ್ಯಾಡೋ. ಬಾಟ್ಲಿ ಚೆಲ್ಲಿಬಿಡು. ಡಾಕ್ಟರ್ ಹಂತ್ಯಾಕ ಹೋಗು, ಕಾಲು ಹಿಡಿ... ಇಲ್ಲ, ನನಗ ತಿಳೀತು, ತಿಳೀತು, ಆದ್ರೂ ಹೋಗು... ಮೊನ್ನಿಯಂಗ ಬೈಯಾಕ ಹೇಳೋ. ಇನ್ನೊಮ್ಮಿ, ಒಂದೇ ಒಂದು ಸಲ, ಬ್ಯಾಡ ಅನ್ನಾಕ ಹೇಳೋ ಅವ್ರಿಗೆ..."

ಲೈನು ಕಟ್ಟಾಯಿತು.